ಕಟ್ಟಿದ ಜಾಲತಾಣಕ್ಕೆ ಜೀರ್ಣೋದ್ಧಾರದ ದತ್ತಿ

ಬೆಳಗಿನ ಎಂಟು ಗಂಟೆ. ಅಳವಂಡಿಯಲ್ಲಿ ಕೊಪ್ಪಳದ ಬಸ್ಸಿಗೆ ಕಾಯುತ್ತ ನಿಂತವರ ನಡುವೆ ಒಬ್ಬ ಹುಡುಗಿ, ಪಕ್ಕದಲ್ಲಿ ಅವಳ ಅಪ್ಪ. ಪಿಯುಸಿ ಮುಗಿದಿದೆ, ಡಿಗ್ರಿಗೆ ಸೇರಬೇಕು. ಅರ್ಜಿಗೆ ಕೊನೆಯ ದಿನ ಯಾವುದು, ಯಾವ ಯಾವ ಕಾಗದ ಒಯ್ಯಬೇಕು ಎಂದು ತಿಳಿಯಲು ಅವಳು ಕಾಲೇಜಿನ ವೆಬ್‌ಸೈಟ್ ತೆರೆದಿದ್ದಾಳೆ. ಪರದೆಯ ಮೇಲೆ ಚಕ್ರ ತಿರುಗುತ್ತಲೇ ಇದೆ. ಬಹಳ ಹೊತ್ತಿನ ಮೇಲೆ ಕಟ್ಟಡದ ದೊಡ್ಡ ಫೋಟೊ ಮೂಡಿತು. ಅದರ ಕೆಳಗೆ ಕೆಂಪು ಅಕ್ಷರದಲ್ಲಿ ‘ಪ್ರವೇಶ ಆರಂಭವಾಗಿದೆ’ ಎಂಬ ಸಾಲು ಓಡುತ್ತಿದೆ. ಯಾವ ವರ್ಷದ ಪ್ರವೇಶ? ಬರೆದಿಲ್ಲ. ಒಳಗೆ ಹೋದರೆ ನಾಲ್ಕು ವರ್ಷ ಹಿಂದಿನ ಶುಲ್ಕದ ಪಟ್ಟಿ. ಫೋನ್ ನಂಬರ್ ಇರುವುದು ಫೋಟೊದ ಒಳಗೆ, ಒತ್ತಿದರೆ ಕರೆ ಹೋಗುವುದಿಲ್ಲ. ಅಂಗೈ ಮೇಲೆ ಬರೆದುಕೊಂಡು ಒಂದೊಂದೇ ಅಂಕಿ ಒತ್ತಿದಳು.

“ಅಪ್ಪಾ, ನಂಬರ್ ಹತ್ತವಲ್ದು.”

“ಹಂಗಾರ ನಡಿಯವಾ, ಹೋಗೇ ಕೇಳೂಣು.”

ಅಪ್ಪನ ಒಂದು ದಿನದ ಕೂಲಿ ಅಲ್ಲಿಗೆ ಹೋಯಿತು. ಕಚೇರಿಯಲ್ಲಿ ಎರಡೇ ನಿಮಿಷಕ್ಕೆ ಉತ್ತರ ಸಿಕ್ಕಿತು: ‘ಜಾತಿ, ಆದಾಯ ಪ್ರಮಾಣಪತ್ರ ತಂದಿಲ್ಲವಲ್ಲ, ನಾಳೆ ಬನ್ನಿ.’ ಇನ್ನೊಂದು ದಿನದ ಕೂಲಿಯೂ ಹೋಯಿತು.

ಇದು ಯಾವುದೋ ಒಂದು ಕಾಲೇಜಿನ ಕತೆಯಲ್ಲ. ಶಾಲೆ, ಮಠ, ಸಹಕಾರ ಸಂಘ, ಆಸ್ಪತ್ರೆ, ಬೀಜದ ಅಂಗಡಿ, ಯುವಕ ಸಂಘ ಹೀಗೆ ಸಾವಿರಾರು ಸಂಸ್ಥೆಗಳು ಉತ್ಸಾಹದಿಂದ ವೆಬ್‌ಸೈಟ್ ಮಾಡಿಸುತ್ತವೆ. ಉದ್ಘಾಟನೆಯ ದಿನ ಅತಿಥಿಯೊಬ್ಬರು ಗುಂಡಿ ಒತ್ತುತ್ತಾರೆ, ಚಪ್ಪಾಳೆಯಾಗುತ್ತದೆ. ಮರುದಿನದಿಂದ ಅದನ್ನು ನೋಡಿಕೊಳ್ಳುವವರಿಲ್ಲ. ಸಣ್ಣ ಜಾಲತಾಣವೊಂದನ್ನು ಚೆನ್ನಾಗಿ ಇಟ್ಟುಕೊಳ್ಳುವುದು ಕಷ್ಟದ ಕೆಲಸವಲ್ಲ. ಅದಕ್ಕೆ ಎಂಜಿನಿಯರಿಂಗ್ ಓದಿರಬೇಕಿಲ್ಲ. ಏನು ಮಾಡಬೇಕು ಎಂಬುದಷ್ಟೇ ತಿಳಿದಿರಬೇಕು.

ಶಾಸನ ಬರೆದವರ ಮುಂದಾಲೋಚನೆ

ಕೊಪ್ಪಳ ಜಿಲ್ಲೆಯ ಇಟಗಿಯಲ್ಲಿ ಮಹಾದೇವ ದೇವಾಲಯವಿದೆ. ಕಲ್ಯಾಣ ಚಾಲುಕ್ಯರ ಆರನೆಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ 1112ರಲ್ಲಿ ಕಟ್ಟಿಸಿದ್ದು. ‘ದೇವಾಲಯ ಚಕ್ರವರ್ತಿ’ ಎಂಬ ಬಿರುದನ್ನು ಅದಕ್ಕೆ ಕೊಟ್ಟದ್ದು ಅಲ್ಲಿನ ಶಾಸನವೇ. ಕಟ್ಟಿಸಿದವರು ಯಾರು, ಯಾವ ಕಾಲದಲ್ಲಿ ಎಂಬುದು ಇವತ್ತಿಗೂ ನಮಗೆ ಗೊತ್ತಿರುವುದು ಅದನ್ನು ಕಲ್ಲಿನ ಮೇಲೆ ಬರೆದಿಟ್ಟಿದ್ದರಿಂದ.

ಆ ಕಾಲದ ದೇಗುಲ ಶಾಸನಗಳಲ್ಲಿ ಮತ್ತೆ ಮತ್ತೆ ಬರುವ ಒಂದು ಮಾತಿದೆ: ‘ಖಂಡಸ್ಫುಟಿತ ಜೀರ್ಣೋದ್ಧಾರ’. ಒಡೆದದ್ದು, ಬಿರುಕು ಬಿಟ್ಟದ್ದು, ಹಳತಾದದ್ದನ್ನು ಸರಿಪಡಿಸುವುದು ಎಂದು ಅರ್ಥ. ದೇವರಿಗೆ ದೀಪ, ನೈವೇದ್ಯಕ್ಕೆಂದು ಭೂಮಿ ಬಿಡುವಾಗ ಈ ದುರಸ್ತಿಯ ಬಾಬ್ತನ್ನೂ ಸೇರಿಸುತ್ತಿದ್ದರು. ಗುಡಿ ಇನ್ನೂ ಹೊಸದಿರುವಾಗಲೇ ಅದು ಬಿರುಕು ಬಿಡುವ ದಿನದ ಲೆಕ್ಕ ಹಾಕಿ, ಆ ದಿನದ ಖರ್ಚಿಗೆ ದತ್ತಿ ಇಟ್ಟವರು ನಮ್ಮ ಹಿರಿಯರು.

ಜಾಲತಾಣ ಕಲ್ಲಿಗಿಂತ ಎಷ್ಟೋ ಬೇಗ ಶಿಥಿಲವಾಗುವ ವಸ್ತು. ಒಂದು ವರ್ಷ ಬಾಡಿಗೆ ಕಟ್ಟದಿದ್ದರೆ ಇಡೀ ಕಟ್ಟಡವೇ ಮಾಯ. ಆದರೂ ಮಾಡಿಸಲು ಇಪ್ಪತ್ತು ಸಾವಿರ ಕೊಟ್ಟವರು ನೋಡಿಕೊಳ್ಳಲು ಎರಡು ಸಾವಿರ ತೆಗೆದಿಡುವುದಿಲ್ಲ. ಉಳಿದ ತೊಂದರೆಗಳಲ್ಲಿ ಹೆಚ್ಚಿನವು ಇಲ್ಲಿಂದಲೇ ಶುರುವಾಗುತ್ತವೆ.

ವಿಳಾಸ, ಜಾಗ, ಸರಕು

ಜಾಲತಾಣದಲ್ಲಿ ಮೂರು ಭಾಗಗಳಿರುತ್ತವೆ. ಮೊದಲನೆಯದು ವಿಳಾಸ. ಡಾಟ್ ಕಾಮ್, ಡಾಟ್ ಇನ್ ಎಂದು ಮುಗಿಯುವ ಆ ಹೆಸರಿಗೆ ಡೊಮೇನ್ ಎನ್ನುತ್ತಾರೆ. ಇದನ್ನು ಕೊಂಡುಕೊಳ್ಳುತ್ತೇವೆ ಎಂಬುದು ರೂಢಿಯ ಮಾತು ಅಷ್ಟೇ, ನಿಜಕ್ಕೂ ಅದು ಗೇಣಿ. ವರ್ಷ ವರ್ಷ ನವೀಕರಿಸಬೇಕು. ಒಂದೇ ಸಲಕ್ಕೆ ಹೆಚ್ಚೆಂದರೆ ಹತ್ತು ವರ್ಷದ ಹಣ ಕಟ್ಟಬಹುದು.

ಎರಡನೆಯದು ಜಾಗ, ಅಂದರೆ ಹೋಸ್ಟಿಂಗ್. ನಿಮ್ಮ ಬರಹ, ಫೋಟೊ ಎಲ್ಲವೂ ಯಾವುದೋ ಊರಿನ ಒಂದು ಕಂಪ್ಯೂಟರಿನಲ್ಲಿ ಹಗಲೂ ರಾತ್ರಿ ತೆರೆದಿರಬೇಕು. ಆ ಕಂಪ್ಯೂಟರಿಗೆ ಸರ್ವರ್ ಎನ್ನುತ್ತಾರೆ. ಅಲ್ಲಿ ಜಾಗ ಹಿಡಿಯುವುದಕ್ಕೂ ಬಾಡಿಗೆ ಇದೆ.

ಮೂರನೆಯದು ಸರಕು: ಬರಹ, ಚಿತ್ರ, ನಂಬರ್, ವಿವರ. ಅವನ್ನು ಜೋಡಿಸಿಡಲು ಒಂದು ತಂತ್ರಾಂಶ ಬೇಕು. 2003ರಲ್ಲಿ ಶುರುವಾದ, ಪುಕ್ಕಟೆ ಸಿಗುವ ವರ್ಡ್‌ಪ್ರೆಸ್ ಇವತ್ತು ಜಗತ್ತಿನ ಜಾಲತಾಣಗಳಲ್ಲಿ ನೂರಕ್ಕೆ ನಲವತ್ತಕ್ಕಿಂತ ಹೆಚ್ಚನ್ನು ನಡೆಸುತ್ತಿದೆ. ನಿಮ್ಮ ಊರಿನ ತಾಣವೂ ಬಹುಶಃ ಅದರಲ್ಲೇ ಇದೆ.

ಈ ಮೂರೂ ಬೇರೆ ಬೇರೆ ಕಡೆ ಇರಬಹುದು, ಮೂರಕ್ಕೂ ಬೇರೆ ಬೇರೆ ಪಾಸ್‌ವರ್ಡ್ ಇರಬಹುದು. ‘ನಮ್ಮ ವೆಬ್‌ಸೈಟ್ ಹಾಳಾಗಿದೆ’ ಎನ್ನುವ ಮೊದಲು ಮೂರರಲ್ಲಿ ಯಾವುದು ಕೈಕೊಟ್ಟಿದೆ ಎಂದು ನೋಡಿದರೆ ಅರ್ಧ ಕೆಲಸ ಮುಗಿದಂತೆ.

ಪಹಣಿ ಯಾರ ಹೆಸರಿನಲ್ಲಿದೆ?

ಹೊಲ ಉಳುವವರು ಯಾರೇ ಇರಲಿ, ಪಹಣಿಯಲ್ಲಿ ಯಾರ ಹೆಸರಿದೆ ಎಂಬುದೇ ಕೊನೆಗೆ ಲೆಕ್ಕಕ್ಕೆ ಬರುವುದು. ಡೊಮೇನಿಗೂ ಇದೇ ನ್ಯಾಯ. ವೆಬ್‌ಸೈಟ್ ಮಾಡಿಕೊಟ್ಟ ಹುಡುಗ ಅನುಕೂಲಕ್ಕೆಂದು ತನ್ನ ಇಮೇಲ್‌ನಲ್ಲಿ, ತನ್ನ ಮೊಬೈಲ್ ನಂಬರಿನಲ್ಲಿ ಅದನ್ನು ನೋಂದಾಯಿಸಿರುತ್ತಾನೆ. ಎರಡು ವರ್ಷದ ಮೇಲೆ ಅವನಿಗೆ ಬೆಂಗಳೂರಿನಲ್ಲಿ ಕೆಲಸ ಸಿಗುತ್ತದೆ, ನಂಬರ್ ಬದಲಾಗುತ್ತದೆ. ನವೀಕರಣದ ಎಚ್ಚರಿಕೆ ಅವನ ಹಳೆಯ ಇಮೇಲಿಗೆ ಹೋಗಿ ಅಲ್ಲೇ ಕೂರುತ್ತದೆ. ಅವಧಿ ಮುಗಿದ ಹೆಸರು ಮಾರಾಟಕ್ಕೆ ಬರುತ್ತದೆ. ಅಂಥ ಹೆಸರುಗಳನ್ನೇ ಹುಡುಕಿ ಕೊಂಡು ಜೂಜಿನ ಜಾಹೀರಾತು ಹಾಕುವವರಿದ್ದಾರೆ. ಶಾಲೆಯ ಹೆಸರು ಒತ್ತಿದ ಪೋಷಕರಿಗೆ ಜೂಜಿನ ಪುಟ ತೆರೆದುಕೊಂಡರೆ ಆಗುವ ಅವಮಾನಕ್ಕೆ ಪರಿಹಾರವಿಲ್ಲ.

ಹಾಗಾಗಿ ಮೊದಲ ಕೆಲಸ ಇದು. ಡೊಮೇನ್ ಸಂಸ್ಥೆಯ ಹೆಸರಿನಲ್ಲೇ ಇರಲಿ. ಸಂಸ್ಥೆಗೆಂದೇ ಒಂದು ಇಮೇಲ್ ಮಾಡಿ, ಅದನ್ನೇ ಕೊಡಿ. ಆ ಇಮೇಲ್ ಕನಿಷ್ಠ ಇಬ್ಬರು ಜವಾಬ್ದಾರರಿಗೆ ತೆರೆಯಲು ಬರಬೇಕು. ನವೀಕರಣದ ತಾರೀಖನ್ನು ಕಚೇರಿಯ ಗೋಡೆಯ ಕ್ಯಾಲೆಂಡರಿನಲ್ಲಿ ಎಲ್ಲರಿಗೂ ಕಾಣುವಂತೆ ಗುರುತು ಮಾಡಿ. ಮೊದಲ ವರ್ಷ ರಿಯಾಯಿತಿ ಕೊಟ್ಟು ಎರಡನೆಯ ವರ್ಷದಿಂದ ಹೆಚ್ಚು ದರ ಹಾಕುವ ಕಂಪನಿಗಳು ಬಹಳ. ಕೊಳ್ಳುವಾಗಲೇ ‘ನವೀಕರಣಕ್ಕೆ ಎಷ್ಟು?’ ಎಂದು ಕೇಳಿ.

‘ಫೇಸ್‌ಬುಕ್ ಪುಟ, ವಾಟ್ಸ್‌ಆ್ಯಪ್ ಗುಂಪು ಇರುವಾಗ ಸ್ವಂತ ತಾಣ ಯಾಕೆ?’ ಎಂದು ಕೇಳುವವರಿದ್ದಾರೆ. ಅವು ಸುದ್ದಿ ಮುಟ್ಟಿಸಲು ಒಳ್ಳೆಯವು. ಆದರೆ ಅವು ಇನ್ನೊಬ್ಬರ ಕಟ್ಟೆ. ಕೋಟ್ಯಂತರ ಜನ ಬರೆದಿದ್ದ ಆರ್ಕುಟ್ 2014ರ ಸೆಪ್ಟೆಂಬರ್ 30ರಂದು ಬಾಗಿಲು ಹಾಕಿತು. ಗೂಗಲ್ ಪ್ಲಸ್ 2019ರಲ್ಲಿ ಮುಚ್ಚಿತು. ವಾಟ್ಸ್‌ಆ್ಯಪ್ ಗುಂಪಿನಲ್ಲಿ ಹಾಕಿದ ಮಾಹಿತಿ ಗುಂಪಿನ ಹೊರಗಿನವರಿಗೆ ಹುಡುಕಿದರೂ ಸಿಗುವುದಿಲ್ಲ. ಕಟ್ಟೆಯ ಮೇಲೆ ಕೂತು ಮಾತಾಡೋಣ, ಕಾಗದಪತ್ರ ಮನೆಯಲ್ಲೇ ಇಡೋಣ.

ಕನ್ನಡದ ಹಳೆಯ ಗಾಯ

ಭಾರತದಲ್ಲಿ ಜನಸಾಮಾನ್ಯರಿಗೆ ಇಂಟರ್ನೆಟ್ ತೆರೆದದ್ದು 1995ರ ಆಗಸ್ಟ್ 15ರಂದು. ಮರುವರ್ಷವೇ, 1996ರಲ್ಲಿ, ಡಾ. ಯು.ಬಿ. ಪವನಜ ಅವರು ‘ವಿಶ್ವಕನ್ನಡ’ ಎಂಬ ಕನ್ನಡದ ಮೊದಲ ಅಂತರಜಾಲ ಪತ್ರಿಕೆ ಆರಂಭಿಸಿದರು. ನಮ್ಮ ಭಾಷೆ ಜಾಲಕ್ಕೆ ತಡವಾಗಿ ಬಂದದ್ದಲ್ಲ. ಆದರೆ ಬಂದ ಹೊಸದರಲ್ಲಿ ಅದಕ್ಕೊಂದು ಗಾಯವಾಯಿತು, ಅದರ ಕಲೆ ಇನ್ನೂ ಮಾಸಿಲ್ಲ.

ಆಗಿನ ಕನ್ನಡ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಮೇಲೆ ಕನ್ನಡದ ವೇಷ ತೊಡಿಸುತ್ತಿದ್ದವು. ಒಳಗೆ ಇರುವುದು ಇಂಗ್ಲಿಷಿನ ಗುರುತು, ಮೇಲೆ ಕಾಣುವುದು ಕನ್ನಡದ ಆಕಾರ. ಅದೇ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ವೇಷ ಕಳಚಿ ಅರ್ಥವಿಲ್ಲದ ಚಿಹ್ನೆಗಳ ಸಾಲು ಕಾಣುತ್ತಿತ್ತು. ಹುಡುಕುವ ಯಂತ್ರಕ್ಕಂತೂ ಅದು ಕನ್ನಡ ಎಂದೇ ತಿಳಿಯುತ್ತಿರಲಿಲ್ಲ.

ಪ್ರತಿ ಕನ್ನಡ ಅಕ್ಷರಕ್ಕೂ ಜಗತ್ತೆಲ್ಲ ಒಪ್ಪಿದ ಒಂದು ಸಂಖ್ಯೆ ಕೊಟ್ಟ ಯೂನಿಕೋಡ್ ಈ ಸಮಸ್ಯೆ ಬಗೆಹರಿಸಿತು. 2003ರಲ್ಲಿ ಶುರುವಾದ ಕನ್ನಡ ವಿಕಿಪೀಡಿಯ ಬೆಳೆದದ್ದು ಅದರ ಮೇಲೆ. ಇಪ್ಪತ್ತು ಸಾವಿರಕ್ಕೂ ಹೆಚ್ಚು ವಚನಗಳಲ್ಲಿ ಬೇಕಾದ ಪದವನ್ನು ಕ್ಷಣದಲ್ಲಿ ಹುಡುಕಿಕೊಡುವ ‘ವಚನ ಸಂಚಯ’ ಸಾಧ್ಯವಾದದ್ದೂ ಅದರಿಂದಲೇ. ಸ್ವಯಂಸೇವಕರ ಸಣ್ಣ ತಂಡವೊಂದು ಕಟ್ಟಿದ ತಾಣ ಅದು. ಸಣ್ಣ ತಾಣ ಎಷ್ಟು ದೊಡ್ಡ ಕೆಲಸ ಮಾಡಬಲ್ಲದು ಎಂಬುದಕ್ಕೆ ಅದಕ್ಕಿಂತ ಬೇರೆ ಉದಾಹರಣೆ ಬೇಕಿಲ್ಲ.

ಈಗಲೂ ಎಷ್ಟೋ ಸಂಸ್ಥೆಗಳು ‘ನುಡಿ’ ತಂತ್ರಾಂಶದ ಹಳೆಯ ವಿಧಾನದಲ್ಲಿ ಟೈಪ್ ಮಾಡಿ, ಪ್ರಿಂಟ್ ತೆಗೆದು, ಸೀಲು ಒತ್ತಿ, ಸ್ಕ್ಯಾನ್ ಮಾಡಿದ ಪಿಡಿಎಫ್ ಅನ್ನು ತಾಣಕ್ಕೆ ಹಾಕುತ್ತವೆ. ಕಣ್ಣಿಗೆ ಅದು ಕನ್ನಡ, ಕಂಪ್ಯೂಟರಿಗೆ ಬರೀ ಚಿತ್ರ. ಹುಡುಕಿದರೆ ಸಿಗದು, ಕಣ್ಣು ಕಾಣದವರಿಗೆ ಓದಿ ಹೇಳುವ ತಂತ್ರಾಂಶಕ್ಕೂ ಎಟುಕದು. ಸೀಲಿನ ಪ್ರತಿ ಇರಲಿ, ಅದರ ಮೇಲೆ ಮುಖ್ಯ ವಿಷಯವನ್ನು ನಾಲ್ಕು ಸಾಲು ಯೂನಿಕೋಡ್‌ನಲ್ಲಿ ಟೈಪ್ ಮಾಡಿ. ಹಳೆಯ ನುಡಿ ಬರಹವನ್ನು ಯೂನಿಕೋಡ್‌ಗೆ ಬದಲಿಸುವ ಪರಿವರ್ತಕಗಳು ಪುಕ್ಕಟೆಯಾಗಿ ಸಿಗುತ್ತವೆ.

ಕನ್ನಡಕ್ಕೇ ವಿಶೇಷವಾದ ಇನ್ನೆರಡು ಸೂಕ್ಷ್ಮಗಳಿವೆ. ನಮ್ಮ ಒತ್ತಕ್ಷರಗಳು ಸಾಲಿನ ಕೆಳಗೆ ಇಳಿಯುತ್ತವೆ. ಇಂಗ್ಲಿಷಿಗೆ ಹೊಂದಿಸಿದ ಸಾಲಿನ ಅಂತರ ಕನ್ನಡಕ್ಕೆ ಸಾಲದು, ‘ಸ್ತ್ರೀ’ ಎಂಬ ಪದದ ಒತ್ತು ಕೆಳಗಿನ ಸಾಲಿನ ತಲೆಗೆ ತಾಗುತ್ತದೆ. ಸಾಲಿನ ಅಂತರವನ್ನು ಅಕ್ಷರದ ಗಾತ್ರದ ಒಂದೂವರೆ ಪಟ್ಟಿಗಿಂತ ಸ್ವಲ್ಪ ಹೆಚ್ಚೇ ಇಡಿ, ಅಕ್ಷರವನ್ನೂ ತುಸು ದೊಡ್ಡದು ಮಾಡಿ.

ಇನ್ನೊಂದು, ಪುಟದ ವಿಳಾಸ. ಯೂನಿಕೋಡ್‌ನ ಸಾಮಾನ್ಯ ಬಳಕೆಯ ರೂಪದಲ್ಲಿ ಕನ್ನಡದ ಒಂದೊಂದು ಗುರುತಿಗೂ ಮೂರು ಬೈಟ್ ಬೇಕು. ‘ಅಳವಂಡಿ’ಯಲ್ಲಿ ಅಕ್ಷರ, ಸೊನ್ನೆ, ಗುಡಿಸು ಸೇರಿ ಆರು ಗುರುತು, ಹದಿನೆಂಟು ಬೈಟ್. ಕನ್ನಡದಲ್ಲೇ ಇರುವ ವಿಳಾಸವನ್ನು ನಕಲು ಮಾಡಿ ವಾಟ್ಸ್‌ಆ್ಯಪ್‌ಗೆ ಹಾಕಿದರೆ, ಅದೊಂದೇ ಪದ ಶೇಕಡಾ ಚಿಹ್ನೆಗಳಿಂದ ತುಂಬಿದ 54 ಅಕ್ಷರಗಳ ಬಾಲವಾಗಿ ಬರಬಹುದು. ನೋಡಿದವರು ಮೋಸದ ಲಿಂಕ್ ಎಂದು ಹೆದರುತ್ತಾರೆ. ಪುಟದ ತಲೆಬರಹ ಕನ್ನಡದಲ್ಲಿರಲಿ, ವಿಳಾಸ ಮಾತ್ರ ಚಿಕ್ಕದಾಗಿ ಇಂಗ್ಲಿಷ್ ಲಿಪಿಯಲ್ಲಿರಲಿ.

ಭಾರ ಇಳಿಸಿದರೆ ಬಂಡಿ ಓಡುತ್ತದೆ

ಆ ಹುಡುಗಿಯ ಫೋನಿನಲ್ಲಿ ಚಕ್ರ ಅಷ್ಟು ಹೊತ್ತು ತಿರುಗಿದ್ದು ಯಾಕೆ? ಲೆಕ್ಕ ಸುಲಭ. ಇವತ್ತಿನ ಮೊಬೈಲ್ ತೆಗೆಯುವ ಒಂದು ಫೋಟೊ ಸುಮಾರು ಐದು ಎಂಬಿ ಇರುತ್ತದೆ. ಹಳ್ಳಿಯ ಸಿಗ್ನಲ್ ಸೆಕೆಂಡಿಗೆ ಎರಡು ಮೆಗಾಬಿಟ್ ಕೊಟ್ಟರೆ, ಆ ಒಂದು ಫೋಟೊ ಇಳಿಯಲು ಇಪ್ಪತ್ತು ಸೆಕೆಂಡು ಬೇಕು. ಮುಖಪುಟದಲ್ಲಿ ಸರದಿಯಂತೆ ಬದಲಾಗುವ ನಾಲ್ಕು ಫೋಟೊ ಇದ್ದರೆ ಒಂದು ನಿಮಿಷಕ್ಕೂ ಹೆಚ್ಚು. ಅಷ್ಟು ಹೊತ್ತು ಯಾರೂ ಕಾಯುವುದಿಲ್ಲ.

ಅದೇ ಫೋಟೊವನ್ನು 200 ಕೆಬಿಗೆ ಇಳಿಸಿದರೆ ಒಂದು ಸೆಕೆಂಡಿನೊಳಗೆ ಮೂಡುತ್ತದೆ. ಪರದೆಯ ಮೇಲೆ ವ್ಯತ್ಯಾಸ ಕಣ್ಣಿಗೆ ಗೊತ್ತಾಗುವುದಿಲ್ಲ. ಫೋಟೊದ ಅಗಲವನ್ನು ಸುಮಾರು 1200 ಪಿಕ್ಸೆಲ್‌ಗೆ ತಗ್ಗಿಸಿ, ಆಮೇಲೆ ಏರಿಸಿ. ಇದಕ್ಕೆ ಪುಕ್ಕಟೆ ಆ್ಯಪ್‌ಗಳು ಬೇಕಾದಷ್ಟಿವೆ. ಸಣ್ಣ ತಾಣವೊಂದರ ವೇಗ ಹೆಚ್ಚಿಸಲು ಇದಕ್ಕಿಂತ ಅಗ್ಗದ, ಇದಕ್ಕಿಂತ ಪರಿಣಾಮದ ಉಪಾಯ ಇನ್ನೊಂದಿಲ್ಲ.

ಓಡುವ ಅಕ್ಷರ, ತಾನಾಗಿ ಬಾರಿಸುವ ಹಾಡು, ಹಾರುವ ಹೂವು ಇವನ್ನೆಲ್ಲ ತೆಗೆದುಹಾಕಿ. ವಿಡಿಯೊ ಇದ್ದರೆ ಯೂಟ್ಯೂಬ್‌ಗೆ ಹಾಕಿ, ತಾಣದಲ್ಲಿ ಅದರ ಕೊಂಡಿ ಮಾತ್ರ ಕೊಡಿ. ತಾಣ ಚೆನ್ನಾಗಿದೆಯೇ ಎಂದು ಕಚೇರಿಯ ದೊಡ್ಡ ಪರದೆಯಲ್ಲಿ ನೋಡಬೇಡಿ. ಕಡಿಮೆ ಬೆಲೆಯ ಫೋನ್ ಹಿಡಿದು, ವೈಫೈ ಆರಿಸಿ, ಬಿಸಿಲಿನಲ್ಲಿ ನಿಂತು ತೆರೆದು ನೋಡಿ. ನಿಮ್ಮ ಓದುಗರು ನೋಡುವುದು ಹಾಗೆಯೇ.

ಜನ ಕೇಳುವ ಮಾತಿನಲ್ಲೇ ಉತ್ತರ

ಗೂಗಲ್‌ನಲ್ಲಿ ಮೊದಲ ಸಾಲಿಗೆ ತರುತ್ತೇವೆ ಎಂದು ಹಣ ಕೇಳುವವರ ಫೋನ್ ಸಣ್ಣ ತಾಣಗಳಿಗೂ ಬರುತ್ತದೆ. ಅವರಿಗೆ ಕೊಡುವ ಹಣ ಉಳಿಸಿ. ಜನ ಏನು ಕೇಳುತ್ತಾರೋ ಅದನ್ನು ಅವರದೇ ಮಾತಿನಲ್ಲಿ ಬರೆದಿಟ್ಟರೆ ಹುಡುಕುವ ಯಂತ್ರ ತಾನೇ ಹುಡುಕಿಕೊಂಡು ಬರುತ್ತದೆ.

ಒಂದು ವಾರ ಕಚೇರಿಗೆ ಬರುವ ಫೋನ್ ಕರೆಗಳನ್ನು ಒಂದು ಹಾಳೆಯ ಮೇಲೆ ಗುರುತು ಹಾಕಿಕೊಳ್ಳಿ. ‘ಶುಲ್ಕ ಎಷ್ಟು?’ ‘ಹಾಸ್ಟೆಲ್ ಇದೆಯೇ?’ ‘ಭಾನುವಾರ ತೆರೆದಿರುತ್ತೀರಾ?’ ‘ಮುಂಡರಗಿಯಿಂದ ಬಂದರೆ ಎಲ್ಲಿ ಇಳಿಯಬೇಕು?’ ಹೆಚ್ಚು ಸಲ ಬಂದ ಐದು ಪ್ರಶ್ನೆಗಳಿಗೆ ಮುಖಪುಟದಲ್ಲೇ ಉತ್ತರವಿರಲಿ. ಅಧ್ಯಕ್ಷರ ಸಂದೇಶ, ಸನ್ಮಾನದ ಫೋಟೊ ಒಳಪುಟಕ್ಕೆ ಹೋಗಲಿ.

ಪ್ರತಿ ಪುಟಕ್ಕೂ ಅದರದೇ ತಲೆಬರಹ ಕೊಡಿ. ‘ಹೋಮ್’, ‘ಪುಟ 2’ ಎಂದರೆ ಯಾರಿಗೂ ಏನೂ ತಿಳಿಯದು. ‘ಅಳವಂಡಿ ಹೋಬಳಿಯ ಕಡಲೆ ಬೆಳೆಗಾರರಿಗೆ ಬೀಜ ವಿತರಣೆ’ ಎಂದರೆ ಊರು, ವಿಷಯ ಎರಡೂ ತಿಳಿಯುತ್ತವೆ. ಊರಿನ ಹೆಸರನ್ನು ಜನ ಹೇಗೆಲ್ಲ ಬರೆಯುತ್ತಾರೆ ಎಂಬುದೂ ನೆನಪಿರಲಿ. ಬಣ್ಣದ ಗೊಂಬೆಗಳಿಗೆ ಹೆಸರಾದ ನಮ್ಮ ಕಿನ್ನಾಳವನ್ನೇ ಕೆಲವರು ‘ಕಿನ್ನಾಳ’ ಎಂದೂ ಕೆಲವರು ‘ಕಿನ್ಹಾಳ’ ಎಂದೂ ಬರೆಯುತ್ತಾರೆ. ಭೌಗೋಳಿಕ ಸೂಚಿಕೆಯ ಮಾನ್ಯತೆ ಪಡೆದ ಆ ಗೊಂಬೆಗಳನ್ನು ಹುಡುಕಿ ಬರುವ ಗಿರಾಕಿ ಯಾವ ಕಾಗುಣಿತದಲ್ಲಿ ಬರುತ್ತಾನೋ ಗೊತ್ತಿಲ್ಲ. ಎರಡೂ ರೂಪ, ಜೊತೆಗೆ ಇಂಗ್ಲಿಷಿನದೂ ಪುಟದಲ್ಲಿ ಸಹಜವಾಗಿ ಬಂದಿರಲಿ.

ಗೂಗಲ್ ಸರ್ಚ್ ಕನ್ಸೋಲ್ ಎಂಬ ಪುಕ್ಕಟೆ ಸೌಲಭ್ಯವಿದೆ. ಜನ ಯಾವ ಪದ ಹುಡುಕಿ ನಿಮ್ಮ ತಾಣಕ್ಕೆ ಬಂದರು ಎಂದು ಅದು ತೋರಿಸುತ್ತದೆ. ತಿಂಗಳಿಗೊಮ್ಮೆ ನೋಡಿದರೂ ಸಾಕು, ಮುಂದೆ ಏನು ಬರೆಯಬೇಕೆಂದು ತಾನಾಗಿ ಹೊಳೆಯುತ್ತದೆ.

ಬೇರೆ ಯಾರೂ ಬರೆಯಲಾರದ್ದನ್ನು ಬರೆಯಿರಿ. ದೇಶದ ಸುದ್ದಿ ಹಾಕಲು ದೊಡ್ಡ ಪತ್ರಿಕೆಗಳಿವೆ. ಹೈದರಾಬಾದ್ ಕರ್ನಾಟಕ ವಿಮೋಚನೆಗೆ ಹೋರಾಡಿ, 1952ರಲ್ಲಿ ಕುಷ್ಟಗಿಯಿಂದ, 1962ರಲ್ಲಿ ಕೊಪ್ಪಳದಿಂದ ಲೋಕಸಭೆಗೆ ಹೋದ ಅಳವಂಡಿ ಶಿವಮೂರ್ತಿ ಸ್ವಾಮಿ ಅವರ ಬಗ್ಗೆ, ಆ ಹೋರಾಟದ ಮುಂಡರಗಿ ಶಿಬಿರದ ಬಗ್ಗೆ ಮನೆಯ ಹಿರಿಯರಿಂದ ಕೇಳಿದ್ದನ್ನು ದಾಖಲಿಸಬಲ್ಲವರು ಈ ಭಾಗದವರು ಮಾತ್ರ. ಊರಿನ ಶಾಲೆಯ ತಾಣದಲ್ಲಿ ಮಕ್ಕಳೇ ಅಂಥ ಹತ್ತು ಪುಟ ಬರೆದರೆ, ಯಾವುದೋ ದೇಶದಲ್ಲಿ ಕೂತ ಸಂಶೋಧಕರೂ ನಿಮ್ಮ ಬಾಗಿಲಿಗೆ ಬರುತ್ತಾರೆ.

ಹೆಸರು, ತಾರೀಖು, ನಂಬಿಕೆ

ಕೊಪ್ಪಳದ ಗವಿಮಠ ಮತ್ತು ಪಾಲ್ಕಿಗುಂಡುಗಳಲ್ಲಿ ಅಶೋಕನ ಶಾಸನಗಳಿವೆ. ಅಶೋಕನ ಬಹುಪಾಲು ಶಾಸನಗಳಲ್ಲಿ ಇರುವುದು ‘ದೇವಾನಾಂಪ್ರಿಯ’ ಮುಂತಾದ ಬಿರುದು, ಹೆಸರಲ್ಲ. ಆ ದೇವಾನಾಂಪ್ರಿಯ ಅಶೋಕನೇ ಎಂದು ಬಂಡೆಯೇ ಬಾಯಿಬಿಟ್ಟು ಹೇಳಲು 1915ರಲ್ಲಿ ಪಕ್ಕದ ರಾಯಚೂರು ಜಿಲ್ಲೆಯ ಮಸ್ಕಿಯ ಶಾಸನ ಸಿಗಬೇಕಾಯಿತು. ಹೇಳಿದವರ ಹೆಸರು ಬರೆಯದಿದ್ದರೆ ಓದುವವರಿಗೆ ಎಷ್ಟು ಕಷ್ಟ ಎಂಬುದಕ್ಕೆ ಇದೂ ನಮ್ಮ ನೆಲದ್ದೇ ಪಾಠ.

ತಾಣವನ್ನು ನಡೆಸುವವರು ಯಾರು, ಎಲ್ಲಿದ್ದಾರೆ, ಯಾವ ಹೊತ್ತಿನಲ್ಲಿ ಸಿಗುತ್ತಾರೆ ಎಂಬುದು ಒಂದು ಪುಟದಲ್ಲಿ ಸ್ಪಷ್ಟವಾಗಿರಲಿ. ಫೋನ್ ನಂಬರ್ ಒತ್ತಿದರೆ ಕರೆ ಹೋಗುವಂತಿರಲಿ. ಪ್ರತಿ ಮಾಹಿತಿಯ ಕೆಳಗೆ ‘ಕೊನೆಯದಾಗಿ ಪರಿಶೀಲಿಸಿದ್ದು’ ಎಂದು ತಾರೀಖು ಹಾಕಿ, ವರ್ಷ ಬಿಡಬೇಡಿ. ‘ಪ್ರವೇಶ ಆರಂಭವಾಗಿದೆ’ ಎಂಬ ಸಾಲಿನ ಮುಂದೆ ವರ್ಷ ಇದ್ದಿದ್ದರೆ ಆ ಹುಡುಗಿಗೆ ಅದು ಹಳೆಯದು ಎಂದಾದರೂ ಗೊತ್ತಾಗುತ್ತಿತ್ತು. ತಾರೀಖಿಲ್ಲದ ಸುಳ್ಳು ಮಾಹಿತಿಗಿಂತ ಖಾಲಿ ಪುಟವೇ ಮೇಲು.

ಬೀಗ, ಕೀಲಿ, ನಕಲು

‘ನಮ್ಮ ಸಣ್ಣ ತಾಣದಲ್ಲಿ ಕದಿಯಲು ಏನಿದೆ?’ ಎಂದುಕೊಳ್ಳಬೇಡಿ. ದಾಳಿ ಮಾಡುವವರು ಮನುಷ್ಯರಲ್ಲ, ಹಳೆಯ ಬೀಗ ಹುಡುಕುತ್ತ ಸುತ್ತುವ ತಂತ್ರಾಂಶಗಳು. ಬಾಗಿಲು ತೆರೆದಿದ್ದರೆ ಒಳಹೊಕ್ಕು ನಿಮ್ಮ ಹೆಸರಿನಡಿ ಜೂಜಿನ, ನಕಲಿ ಔಷಧದ ನೂರಾರು ಪುಟ ಬಚ್ಚಿಡುತ್ತವೆ. ನಿಮಗೆ ಕಾಣುವುದೇ ಇಲ್ಲ. ಕಂಡುಹಿಡಿಯಲು ಒಂದು ಸುಲಭ ದಾರಿ ಇದೆ. ಗೂಗಲ್‌ನಲ್ಲಿ ಇಂಗ್ಲಿಷ್ ಲಿಪಿಯಲ್ಲಿ ‘ಸೈಟ್’ ಎಂದು ಬರೆದು, ಕೋಲನ್ ಚಿಹ್ನೆ ಇಟ್ಟು, ಜಾಗ ಬಿಡದೆ ನಿಮ್ಮ ತಾಣದ ಹೆಸರು ಸೇರಿಸಿ ಹುಡುಕಿ. ನೀವು ಬರೆಯದ ಪುಟಗಳು ಕಂಡರೆ ಕೂಡಲೇ ತಿಳಿದವರನ್ನು ಕರೆಸಿ.

ವರ್ಡ್‌ಪ್ರೆಸ್‌ಗೂ ಅದಕ್ಕೆ ಜೋಡಿಸುವ ಸಣ್ಣ ತಂತ್ರಾಂಶಗಳಾದ ಪ್ಲಗಿನ್‌ಗಳಿಗೂ ಬರುವ ಹೊಸ ಆವೃತ್ತಿಗಳನ್ನು ತಪ್ಪದೆ ಹಾಕಿಕೊಳ್ಳಿ. ಬಳಸದ ಪ್ಲಗಿನ್ ತೆಗೆದುಹಾಕಿ. ಶಾಲೆಯ ಹೆಸರಿನ ಮುಂದೆ 123 ಸೇರಿಸಿದ ಪಾಸ್‌ವರ್ಡ್ ಬೀಗವೇ ಅಲ್ಲ. ನಾಲ್ಕೈದು ಪದ ಜೋಡಿಸಿದ ಉದ್ದನೆಯ ಪಾಸ್‌ವರ್ಡ್ ಇಡಿ, ಒಟಿಪಿ ಕೇಳುವ ವ್ಯವಸ್ಥೆ ಹಾಕಿ. ಕೆಲಸ ಬಿಟ್ಟವರ ಖಾತೆಯನ್ನು ಅದೇ ದಿನ ಮುಚ್ಚಿ.

ವಿಳಾಸದ ಮೊದಲಲ್ಲಿ ‘ಎಚ್‌ಟಿಟಿಪಿಎಸ್’ ಎಂದಿದೆಯೇ ನೋಡಿ. ಕೊನೆಯ ‘ಎಸ್’ ಇಲ್ಲದ ತಾಣಗಳನ್ನು 2018ರ ಜುಲೈನಿಂದ ಕ್ರೋಮ್ ಬ್ರೌಸರ್ ‘ಸುರಕ್ಷಿತವಲ್ಲ’ ಎಂದು ತೋರಿಸುತ್ತಿದೆ. ಇದಕ್ಕೆ ಬೇಕಾದ ಪ್ರಮಾಣಪತ್ರವನ್ನು ‘ಲೆಟ್ಸ್ ಎನ್‌ಕ್ರಿಪ್ಟ್’ ಸಂಸ್ಥೆ ಪುಕ್ಕಟೆ ಕೊಡುತ್ತದೆ, ಅನೇಕ ಹೋಸ್ಟಿಂಗ್ ಕಂಪನಿಗಳೇ ಅದನ್ನು ಹಾಕಿಕೊಡುತ್ತವೆ. ಅದಕ್ಕೆ ಹಣ ಕೇಳಿದರೆ ಯಾಕೆ ಎಂದು ವಿಚಾರಿಸಿ.

ಇನ್ನು ನಕಲು, ಅಂದರೆ ಬ್ಯಾಕಪ್. ಬಲ್ಲವರ ಸೂತ್ರ ಮೂರು, ಎರಡು, ಒಂದು: ಒಟ್ಟು ಮೂರು ಪ್ರತಿ, ಎರಡು ಬಗೆಯ ಸಾಧನಗಳಲ್ಲಿ, ಒಂದು ಪ್ರತಿ ಬೇರೆ ಕಟ್ಟಡದಲ್ಲಿ. ಒಂದು ಸರ್ವರ್‌ನಲ್ಲಿ, ಇನ್ನೊಂದು ಕಚೇರಿಯ ಕಂಪ್ಯೂಟರಿನಲ್ಲಿ, ಮತ್ತೊಂದು ಕಾರ್ಯದರ್ಶಿಯ ಮನೆಯ ಹಾರ್ಡ್‌ಡಿಸ್ಕ್‌ನಲ್ಲಿ. ವರ್ಷಕ್ಕೊಮ್ಮೆಯಾದರೂ ಆ ಪ್ರತಿ ತೆರೆಯುತ್ತದೆಯೇ ಎಂದು ನೋಡಿ. ಮೊಳಕೆ ಪರೀಕ್ಷೆ ಮಾಡದೆ ಬೀಜ ಕೂಡಿಟ್ಟರೆ ಬಿತ್ತನೆಯ ದಿನ ಏನಾಗುತ್ತದೆ ಎಂದು ರೈತರಿಗೆ ಹೇಳಬೇಕಿಲ್ಲ.

ಹಾಕಬಾರದ್ದು, ಬಿಡಬಾರದವರು

ವಿದ್ಯಾರ್ಥಿವೇತನದ ಪಟ್ಟಿ, ಸಂಘದ ಸದಸ್ಯರ ಪಟ್ಟಿ ಹಾಕುವಾಗ ಆಧಾರ್ ಸಂಖ್ಯೆ, ಬ್ಯಾಂಕ್ ಖಾತೆ, ಮೊಬೈಲ್ ನಂಬರ್ ಎಲ್ಲವನ್ನೂ ಸೇರಿಸಿಬಿಡುವವರಿದ್ದಾರೆ. ಮೋಸಗಾರರಿಗೆ ಅದು ಬಡಿಸಿಟ್ಟ ಎಲೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯು 18 ವರ್ಷದೊಳಗಿನವರ ಮಾಹಿತಿ ಬಳಸಲು ಪೋಷಕರ ಒಪ್ಪಿಗೆ ಬೇಕೆನ್ನುತ್ತದೆ. ಮಕ್ಕಳ ಫೋಟೊ ಹಾಕುವ ಮೊದಲು ಕೇಳಿ. ಹೆಸರು, ತರಗತಿ, ಮನೆಯ ವಿಳಾಸ ಮೂರನ್ನೂ ಒಂದೇ ಕಡೆ ಹಾಕಲೇಬೇಡಿ.

ಹಾಗೆಯೇ ಯಾರನ್ನೂ ಹೊರಗೆ ಬಿಡದಂತೆ ನೋಡಿಕೊಳ್ಳಬೇಕು. ಹಳದಿಯ ಮೇಲೆ ಬಿಳಿ ಅಕ್ಷರ ವಯಸ್ಸಾದವರಿಗೆ ಕಾಣುವುದಿಲ್ಲ. ತಿಳಿ ಹಿನ್ನೆಲೆ, ಕಪ್ಪು ಅಕ್ಷರ ಎಲ್ಲಕ್ಕಿಂತ ಒಳ್ಳೆಯದು. ಕಣ್ಣು ಕಾಣದವರಿಗೆ ಕನ್ನಡ ಓದಿ ಹೇಳುವ ಧ್ವನಿ ಇವತ್ತು ಆಂಡ್ರಾಯ್ಡ್ ಫೋನುಗಳಲ್ಲೇ ಇದೆ. ಆದರೆ ಪುಟದ ಭಾಷೆ ಕನ್ನಡ ಎಂದು ತಾಣದ ಸೆಟ್ಟಿಂಗ್‌ನಲ್ಲಿ ನಮೂದಿಸಿರಬೇಕು, ಪ್ರತಿ ಚಿತ್ರಕ್ಕೂ ವಿವರಣೆಯ ಸಾಲು ಬರೆದಿರಬೇಕು. ‘ಫೋಟೊ 14’ ಎಂದರೆ ಅವರಿಗೆ ಏನೂ ಸಿಗದು. ‘ಕಿನ್ನಾಳದ ಮರದ ಗೊಂಬೆ, ಕೆಂಪು ಸೀರೆಯ ಗೌರಿ’ ಎಂದರೆ ಮನಸ್ಸಿನಲ್ಲಿ ಗೊಂಬೆ ಮೂಡುತ್ತದೆ. ಅದೇ ಸಾಲು ಓದಿ ಗೂಗಲ್ ಕೂಡ ಆ ಚಿತ್ರವನ್ನು ಹುಡುಕಿಕೊಡುತ್ತದೆ.

ಅಮಾವಾಸ್ಯೆಗೊಮ್ಮೆ ಒಂದು ಗಂಟೆ

ನಮ್ಮ ಕಡೆ ಅಮಾವಾಸ್ಯೆ ಬಂತೆಂದರೆ ಅಂಗಡಿ ತೊಳೆದು, ಟ್ರ್ಯಾಕ್ಟರ್ ಒರೆಸಿ, ತಕ್ಕಡಿಗೆ ಕುಂಕುಮ ಹಚ್ಚಿ ಪೂಜೆ ಮಾಡುವ ರೂಢಿ ಇದೆ. ತುಕ್ಕು ಹಿಡಿದದ್ದು, ಸಡಿಲಾದದ್ದು ಕಣ್ಣಿಗೆ ಬೀಳುವುದೂ ಆಗಲೇ. ಜಾಲತಾಣಕ್ಕೂ ಅದೇ ದಿನ ಒಂದು ಗಂಟೆ ಇಡಿ.

ಮೊದಲು ಫೋನಿನಲ್ಲಿ ತಾಣ ತೆರೆದು ಪ್ರತಿ ಕೊಂಡಿ ಒತ್ತಿ ನೋಡಿ. ಕೊಟ್ಟಿರುವ ನಂಬರಿಗೆ ನೀವೇ ಕರೆ ಮಾಡಿ. ದಿನ ಕಳೆದ ಪ್ರಕಟಣೆ ತೆಗೆಯಿರಿ, ತಾರೀಖು ಹೊಸದು ಮಾಡಿ. ಹೊಸ ಆವೃತ್ತಿ ಹಾಕುವ ಮುನ್ನ ಬ್ಯಾಕಪ್ ತೆಗೆದುಕೊಳ್ಳಿ. ಕೊನೆಗೆ ಹೊಸದಾಗಿ ಒಂದೇ ಒಂದು ಉಪಯುಕ್ತ ಪುಟ ಸೇರಿಸಿ. ವರ್ಷಕ್ಕೆ ಹನ್ನೆರಡು ಪುಟವಾಯಿತು, ಐದು ವರ್ಷಕ್ಕೆ ಅರವತ್ತು. ಮಾಡಿದ್ದನ್ನೆಲ್ಲ ಒಂದು ನೋಟುಬುಕ್ಕಿನಲ್ಲಿ ಬರೆದಿಡಿ, ಮುಂದೆ ಬರುವವರಿಗೆ ಅದೇ ದಾರಿ ತೋರಿಸುತ್ತದೆ.

ಇದನ್ನು ಮಾಡುವವರು ಯಾರು ಎಂಬುದನ್ನು ಸಂಸ್ಥೆಯ ಸಭೆಯಲ್ಲಿ ಗೊತ್ತು ಮಾಡಿ ನಡಾವಳಿಯಲ್ಲಿ ಬರೆಯಿರಿ. ವರ್ಷದ ಬಾಡಿಗೆಗೆ ಬಜೆಟ್ಟಿನಲ್ಲಿ ಒಂದು ಸಾಲು ಇರಲಿ. ಹಳೆಯ ವಿದ್ಯಾರ್ಥಿಗಳು ಕೊಠಡಿಗೆ, ಫ್ಯಾನಿಗೆ ದೇಣಿಗೆ ಕೊಡುತ್ತಾರೆ. ಹತ್ತು ವರ್ಷದ ಡೊಮೇನ್ ಬಾಡಿಗೆಗೂ ಕೊಡಬಹುದು. ಕೊಟ್ಟವರ ಹೆಸರನ್ನು ಫ್ಯಾನಿನ ರೆಕ್ಕೆಯ ಮೇಲೆ ಬರೆಯುವಂತೆ ತಾಣದ ಬುಡದಲ್ಲೂ ಬರೆಯಬಹುದು. ಖಂಡಸ್ಫುಟಿತ ಜೀರ್ಣೋದ್ಧಾರಕ್ಕೆ ಭೂಮಿ ಬಿಟ್ಟವರ ನೆಲ ಇದು, ಆ ರೂಢಿಯನ್ನು ಹೊರಗಿನಿಂದ ತರಬೇಕಿಲ್ಲ.

ಮುಂದಿನ ವರ್ಷವೂ ಅಳವಂಡಿಯಿಂದ ಒಬ್ಬ ಹುಡುಗಿ ಡಿಗ್ರಿ ಸೇರಲು ಹೊರಡುತ್ತಾಳೆ. ಹಿಂದಿನ ರಾತ್ರಿಯೇ ಅವಳು ಫೋನಿನಲ್ಲಿ ಕಾಲೇಜಿನ ಪುಟ ತೆರೆದು, ಪಟ್ಟಿ ನೋಡಿ, ಪ್ರಮಾಣಪತ್ರಗಳನ್ನೆಲ್ಲ ಚೀಲದಲ್ಲಿ ಜೋಡಿಸಿಟ್ಟುಕೊಂಡಿರಬೇಕು. ಅಪ್ಪ ಹೊಲಕ್ಕೆ ಹೋಗಲಿ. ಅವಳು ಒಂದೇ ಸಲ ಬಸ್ ಹತ್ತಲಿ.